ವೀಳ್ಯ, ಚಹಾ, ಹಾಲು: ಆಟದಂಗಳದ ಆಚೆಯ ಲೆಕ್ಕ

"ನಮ್ಮ ರಾಷ್ಟ್ರೀಯ ಕ್ರೀಡೆ ಯಾವುದು?" ಎಂದು ಶಾಲೆಯ ಮಕ್ಕಳನ್ನು ಕೇಳಿ ನೋಡಿ. "ಹಾಕಿ" ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಯಾವ ಆಟವನ್ನೂ ಹಾಗೆ ಘೋಷಿಸಿಲ್ಲವೆಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು. ಹಾಗಾದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸೋಣ. ಆಟ ಯಾರದು? ಆಡುವವನದೋ, ಆಡಿಸುವವನದೋ?

ಉತ್ತರ ಹುಡುಕಲು ಹೊಸಪೇಟೆಯಿಂದ ಹಂಪಿಯವರೆಗೆ ಬಂದರೆ ಸಾಕು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳು ಇಂದಿಗೂ ಸೆಣಸುತ್ತಿದ್ದಾರೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ನಸುಕಿಗೆ ಮುಂಚೆಯೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ತಿರುಗಿಸಿ, ಬಳಿಕ ತನ್ನ ಜಟ್ಟಿಯೊಬ್ಬನೊಡನೆ ಅರಸ ಕುಸ್ತಿಗೆ ಇಳಿಯುತ್ತಿದ್ದ. ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಮತ್ತೊಬ್ಬ ಪ್ರವಾಸಿ ನೂನಿಜ್ ಹೇಳುತ್ತಾನೆ.

ಪಾಯೆಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದ. ಮಹಾನವಮಿಯ ಸಭೆಯಲ್ಲಿ ದೊಡ್ಡ ದೊಡ್ಡ ನಾಯಕರೂ ಅರಸನ ಅಪ್ಪಣೆಯಿಲ್ಲದೆ ಕೂರುವಂತಿರಲಿಲ್ಲ. ಜಟ್ಟಿಗಳು ಮಾತ್ರ ನೆಲದ ಮೇಲೆ ಕುಳಿತು, ಅವನ ಎದುರಿನಲ್ಲೇ ವೀಳ್ಯ ಮೆಲ್ಲಬಹುದಾಗಿತ್ತು. ನರ್ತಕಿಯರನ್ನು ಬಿಟ್ಟರೆ ಆ ಮನ್ನಣೆ ಬೇರಾರಿಗೂ ಇರಲಿಲ್ಲ.

ಈಗ ನಾಲ್ಕು ಶತಮಾನ ದಾಟಿ ಕ್ರಿಕೆಟ್ಟಿಗೆ ಬನ್ನಿ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಣ್ಕರ್ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೆ ಪುಣೆಯಲ್ಲಿ ಆಡತೊಡಗಿದ ದಿನಗಳಲ್ಲಿ ಅವರಿಗೆ ಚಹಾ ಸಿಗುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಬಳಸಿ ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಅವರ ಕೈ ಮುಟ್ಟಿದ ಚೆಂಡನ್ನು ಎಲ್ಲರೂ ಹಿಡಿಯುತ್ತಿದ್ದರು, ಬಟ್ಟಲನ್ನಲ್ಲ. ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲೇ ಇಲ್ಲ. 1923ರಲ್ಲಿ ಅದು ತಮ್ಮ ವಿಠ್ಠಲನಿಗೆ ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಟಗಾರನ ಸಾಮಾಜಿಕ ಸ್ಥಾನ ತಿಳಿಯುವುದು ಅಂಗಳದ ಒಳಗಲ್ಲ, ಹೊರಗೆ ಅವನು ಎಲ್ಲಿ ಕೂತು ಏನು ತಿನ್ನುತ್ತಾನೆ ಎಂಬುದರಿಂದ. ಜಟ್ಟಿಯ ವೀಳ್ಯ ಕೂಡ ಹಕ್ಕಾಗಿರಲಿಲ್ಲ, ಅರಸ ಕೊಟ್ಟದ್ದಾಗಿತ್ತು. ಕೊಡುವವನು ಹೋದರೆ ಅದೂ ಹೋಗುತ್ತದೆ.

ಹಾಗೆಯೇ ಆಯಿತು. ಕುಸ್ತಿಗೆ ಹೆಸರಾದ ಕೊಲ್ಹಾಪುರದ ಮಹಾರಾಜರು 1948ರಲ್ಲಿ ಪೈಲ್ವಾನ ಖಾಶಾಬಾ ಜಾಧವರನ್ನು ಲಂಡನ್ ಒಲಿಂಪಿಕ್ಸ್‌ಗೆ ತಮ್ಮ ಖರ್ಚಿನಲ್ಲಿ ಕಳಿಸಿದರು. 1949ರಲ್ಲಿ ಕೊಲ್ಹಾಪುರ ಮುಂಬಯಿ ಪ್ರಾಂತಕ್ಕೆ ಸೇರಿತು. ನಮ್ಮ ಘೋರ್ಪಡೆಯವರ ಸಂಡೂರು ಸಂಸ್ಥಾನ ಅದೇ ವರ್ಷ ಮದರಾಸು ಪ್ರಾಂತಕ್ಕೆ ಸೇರಿತು. 1952ರಲ್ಲಿ ಹೆಲ್ಸಿಂಕಿಗೆ ಹೊರಟಾಗ ಜಾಧವರು ಊರವರಿಂದ ಚಂದಾ ಎತ್ತಬೇಕಾಯಿತು. ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ಮನೆಯನ್ನೇ ಒತ್ತೆಯಿಟ್ಟರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ, ಒಂದು ಕಂಚು, ಹೀಗೆ ಬಂತು.

ಕುಸ್ತಿ ಬಡವರ ಆಟ ಎನ್ನುತ್ತಾರೆ. ಬೇಕಾದದ್ದು ಒಂದು ಲಂಗೋಟಿ, ಒಂದಿಷ್ಟು ಕೆಂಪು ಮಣ್ಣು, ಅಷ್ಟೇ ತಾನೇ? ವಿಜ್ಞಾನ ಓದಿದ ನನಗೆ ಈ ಲೆಕ್ಕ ಸರಿಹೋಗುವುದಿಲ್ಲ. ಸಾಮು ಮಾಡಿದಾಗ ಸ್ನಾಯುವಿನ ಎಳೆಗಳು ಸವೆಯುತ್ತವೆ. ಪ್ರೋಟೀನು ಮತ್ತು ವಿಶ್ರಾಂತಿ ದೊರೆತರೆ ಮಾತ್ರ ಅವು ಮೊದಲಿಗಿಂತ ಬಲವಾಗಿ ಬೆಳೆಯುತ್ತವೆ. ಹಗಲಿಡೀ ಗದ್ದೆಯಲ್ಲಿ, ಗಣಿಯಲ್ಲಿ ದುಡಿಯುವ ಹುಡುಗನಿಗೆ ಉಂಡದ್ದು ದುಡಿಮೆಗೇ ಸರಿಹೋಗುತ್ತದೆ. ಹಾಲು, ತುಪ್ಪ, ಬಾದಾಮಿಗೆ ಅವನ ಕೂಲಿ ಸಾಲದು. ಗರಡಿಮನೆಯ ಬಾಗಿಲು ತೆರೆದೇ ಇದ್ದರೂ ಒಳಗೆ ಉಳಿಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಮುಂದಿನ ಸಲ ಸಂಡೂರು, ಕಂಪ್ಲಿ ಕಡೆಯ ಯಾವುದಾದರೂ ಜಾತ್ರೆಯಲ್ಲಿ ಕುಸ್ತಿ ನೋಡುವಾಗ ಗೆದ್ದವನಿಗೆ ಚಪ್ಪಾಳೆ ತಟ್ಟಿ. ಜೊತೆಗೆ ಇದನ್ನೂ ವಿಚಾರಿಸಿ: ಸೋತು ಮಣ್ಣು ಕೊಡವಿಕೊಂಡು ಹೋಗುತ್ತಿರುವ ಆ ಹುಡುಗನಿಗೆ ನಾಳೆ ಬೆಳಗಿನ ಹಾಲು ಯಾರು ಕೊಡುತ್ತಾರೆ?