ದೀವದ ಹಕ್ಕಿ ಕೂಗಿದಾಗ

ಸುರಪುರದ ಸುತ್ತಣ ಕಲ್ಲುಗುಡ್ಡ, ಜಾಲಿಯ ಪೊದೆ, ಹೊಲದ ಬದುಗಳ ಬಳಿ ನಸುಕಿನಲ್ಲಿ ನಿಂತರೆ ‘ಕ-ತೀತರ್, ತೀತರ್’ ಎಂಬ ಗಟ್ಟಿ ಕೂಗು ಕೇಳಿಸುತ್ತದೆ. ಅದು ಕವುಜುಗ. ಹಳೆ ಮೈಸೂರಿನ ಕಡೆ ಇದೇ ಗೌಜಲಕ್ಕಿ. ಉರ್ದು, ಹಿಂದಿಗಳಲ್ಲಿ ಇದರ ಹೆಸರೇ ತೀತರ್. ಹಕ್ಕಿ ತನ್ನ ಹೆಸರನ್ನು ತಾನೇ ಕೂಗುತ್ತದೆ ಎನ್ನಬಹುದು. ಈ ಕೂಗೇ ಅದರ ಕೊರಳಿಗೆ ಉರುಲಾದದ್ದು ಹೇಗೆ?

ಸುರಪುರ 1858ರವರೆಗೆ ಬೇಡ ನಾಯಕರ ಸಂಸ್ಥಾನ. ಉತ್ತರ ಕರ್ನಾಟಕದ ಹರಣಶಿಕಾರಿಗಳಿಗಂತೂ ಜಿಂಕೆ, ಕವುಜುಗಗಳ ಬೇಟೆ ಹಿಂದೆ ಕುಲಕಸುಬೇ ಆಗಿತ್ತು. ಕವುಜುಗ ಹಿಡಿಯುವ ಹಳೆಯ ಬಗೆ ಸರಳ. ಸಾಕಿದ ಗಂಡುಹಕ್ಕಿಯನ್ನು ಪಂಜರದಲ್ಲಿಟ್ಟು ಬಯಲಿಗೆ ಒಯ್ಯುವುದು, ಸುತ್ತ ಉರುಲು ಹರಡುವುದು, ದೂರ ಸರಿದು ಕೂರುವುದು. ಪಂಜರದ ಹಕ್ಕಿ ಕೂಗುತ್ತದೆ. ಆ ಜಾಗದ ಒಡೆಯನಾದ ಕಾಡುಹಕ್ಕಿ ಸಿಟ್ಟಿನಿಂದ ಓಡಿಬಂದು ಕಾಲು ಸಿಕ್ಕಿಸಿಕೊಳ್ಳುತ್ತದೆ. ಹೀಗೆ ತನ್ನವರನ್ನೇ ಸೆಳೆಯಲು ಪಳಗಿಸಿದ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂದು ಹೆಸರು. ಪಂಪನ ಭಾರತದ ಬೇಟೆಯ ವರ್ಣನೆಯಲ್ಲಿ ‘ದೀವದ ಬೇಂಟೆ’ ಬರುತ್ತದೆ. ಉಪಾಯ ಸಾವಿರ ವರ್ಷಕ್ಕೂ ಹಳೆಯದು.

ಇದರ ಹಿಂದಿನ ವಿಜ್ಞಾನ ಸ್ವಾರಸ್ಯಕರ. ಹಕ್ಕಿಯ ಕೂಗು ಬೇಲಿಯಿದ್ದಂತೆ: ‘ಈ ಜಾಗ ನನ್ನದು’. ಅನೇಕ ಹಕ್ಕಿಗಳು ಪಕ್ಕದ ಹಕ್ಕಿಯ ದನಿಯನ್ನು ಗುರುತಿಟ್ಟುಕೊಂಡು ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅಪರಿಚಿತ ದನಿ ಕೇಳಿದರೆ ಮಾತ್ರ ಕೆರಳುತ್ತವೆ. ನೆರೆಯವನಿಗೆ ಹೊಲವಿದೆ, ಹೊಸಬ ಹೊಲ ಕಸಿಯಲು ಬಂದವನು! ಪಂಜರದ ಹಕ್ಕಿ ಯಾವಾಗಲೂ ಹೊಸಬನೇ. ಹೊತ್ತಿಗೂ ಅರ್ಥವಿದೆ. ನಸುಕಿನಲ್ಲಿ ಗಾಳಿ ನಿಂತಿರುತ್ತದೆ. ನೆಲದ ಬಳಿಯ ತಂಪುಗಾಳಿಯ ಮೇಲೆ ಬೆಚ್ಚನೆಯ ಪದರವಿದ್ದರೆ ಸದ್ದು ಮೇಲಕ್ಕೆ ಚದುರದೆ ಕೆಳಗೆ ಬಾಗಿ ದೂರ ಸಾಗುತ್ತದೆ. ಹೊರಾಂಗಣ ಚಿತ್ರೀಕರಣದಲ್ಲಿ ನಮ್ಮ ಧ್ವನಿಮುದ್ರಣದವರು ಕೋಳಿ ಕೂಗುವ ಮೊದಲೇ ಎಲ್ಲರನ್ನೂ ಎಬ್ಬಿಸುವುದು ಇದಕ್ಕೇ.

ಕೆನಡಾದ ಕಾಡುಗಳಲ್ಲಿ ಇದೇ ಉಪಾಯದ ಇನ್ನೊಂದು ರೂಪವಿದೆ. ಅಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಮೂಲನಿವಾಸಿಗಳು ಮರದ ತೊಗಟೆ ಸುತ್ತಿ ಮಾಡಿದ ಕಹಳೆಯಿಂದ ಹೆಣ್ಣು ಮೂಸ್‌ನ ದನಿ ತೆಗೆಯುತ್ತಿದ್ದರು. ಸೆಪ್ಟೆಂಬರ್-ಅಕ್ಟೋಬರ್ ಬೆದೆಕಾಲದಲ್ಲಿ ಗಂಡು ಹುಡುಕಿಕೊಂಡು ಬರುತ್ತದೆ. ಆದರೆ ನೇರವಾಗಿ ಬರುವುದು ಕಡಿಮೆ. ಸುತ್ತು ಹಾಕಿ, ಗಾಳಿ ತನ್ನತ್ತ ಬೀಸುವ ಕಡೆ ನಿಂತು ವಾಸನೆ ಹಿಡಿಯುತ್ತದೆ. ಅಲ್ಲಿ ಸೆಳೆಯುವುದು ಸಂಗಾತಿಯ ದನಿ, ಇಲ್ಲಿ ಎದುರಾಳಿಯ ದನಿ. ಕವುಜುಗ ಕಿವಿಯನ್ನು ನಂಬಿ ಕೆಡುತ್ತದೆ, ಮೂಸ್ ಮೂಗನ್ನೂ ಕೇಳುತ್ತದೆ.

ಕೂಗಿಗೆ ಓಡಿಬರುವ ಗಂಡಿಗೆ ಜೋಡಿ ಇರುತ್ತದೆ, ಕೆಲವೊಮ್ಮೆ ಪೊದೆಯ ಬುಡದಲ್ಲಿ ಆರೆಂಟು ಮೊಟ್ಟೆಗಳೂ. ಉರುಲಿಗೆ ಬೀಳುವುದು ಅಂಜುಬುರುಕ ಹಕ್ಕಿಯಲ್ಲ, ಜಾಗ ಕಾಯುವ ಧೈರ್ಯದ ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆಯೆಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಲೊಡ್ಡುವುದು, ಆಮಿಷ ತೋರುವುದು, ಹಾಗೆ ಮಾಡಲು ಯತ್ನಿಸುವುದೂ ಬೇಟೆಯೇ. 1991ರ ತಿದ್ದುಪಡಿ ಬೇಟೆಯ ಪರವಾನಗಿಗಳನ್ನೇ ತೆಗೆದುಹಾಕಿತು. ಯೂರೋಪಿನ ದೇಶಗಳ 1979ರ ಪಕ್ಷಿ ಸಂರಕ್ಷಣಾ ನಿಯಮದಲ್ಲಂತೂ ನಿಷಿದ್ಧ ಸಾಧನಗಳ ಪಟ್ಟಿಯಲ್ಲಿ ಉರುಲಿನ ಜೊತೆಗೆ ಟೇಪ್ ರೆಕಾರ್ಡರ್ ಕೂಡ ಇದೆ.

ಈಗ ಟೇಪ್ ರೆಕಾರ್ಡರ್ ಬೇಕಿಲ್ಲ, ಜೇಬಿನ ಮೊಬೈಲ್ ಸಾಕು. ಒಳ್ಳೆಯ ಚಿತ್ರ ಸಿಗಲೆಂದು ಹಕ್ಕಿಯ ಕೂಗನ್ನು ಮತ್ತೆ ಮತ್ತೆ ನುಡಿಸುವವರಿದ್ದಾರೆ. ಅವರ ಕೈಯಲ್ಲಿ ಉರುಲಿಲ್ಲ ನಿಜ; ಆದರೆ ಹಕ್ಕಿ ಮೇವು ಬಿಟ್ಟು, ಮರಿ ಬಿಟ್ಟು, ಇಲ್ಲದ ಶತ್ರುವನ್ನು ಹುಡುಕಿ ದಣಿಯುತ್ತದೆ. ನನ್ನ ಮಟ್ಟಿಗೆ ಇದೂ ದೀವದ ಬೇಂಟೆಯೇ.

ಹಕ್ಕಿಯನ್ನು ಕೆಣಕದೆಯೂ ಕೂಗಿನಿಂದ ಕೆಲಸ ತೆಗೆಯಬಹುದು. ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ಹೋಗುವವರು ದಾರಿಯ ಬಯಲಿನಲ್ಲೇ ಇದನ್ನು ಮಾಡಿ ನೋಡಿ. ಸೂರ್ಯ ಹುಟ್ಟುವ ಮೊದಲು ಒಂದೆಡೆ ಹತ್ತು ನಿಮಿಷ ಸುಮ್ಮನೆ ನಿಂತು, ಯಾವ ದಿಕ್ಕಿನಿಂದ ಎಷ್ಟು ಕೂಗು ಬಂತೆಂದು ಹಾಳೆಯ ಮೇಲೆ ಗುರುತು ಹಾಕಿ. ಗಂಡು ಕೂಗಿದಾಗ ಹೆಣ್ಣೂ ದನಿಗೂಡಿಸುವುದುಂಟು. ಆದ್ದರಿಂದ ಒಂದೇ ಪೊದೆಯ ಎರಡು ದನಿಗಳನ್ನು ಒಂದು ಜೋಡಿಯೆಂದು ಎಣಿಸಿ.