ಲೆಕ್ಕದ ಹಾಳೆ ಮುನಿದಾಗ

ಪೀಣ್ಯದ ಸಣ್ಣ ಕಾರ್ಖಾನೆಗಳ ಕಚೇರಿಗಳಲ್ಲಿ ತಿಂಗಳ 6ನೆಯ ತಾರೀಖು ಬಂತೆಂದರೆ ಒಂದು ಬಗೆಯ ಗಾಂಭೀರ್ಯ ಕವಿಯುತ್ತದೆ. ಮರುದಿನ ಮುಗಿಯುವುದರೊಳಗೆ ಕೆಲಸಗಾರರಿಗೆ ಸಂಬಳ ಸಲ್ಲಬೇಕು. ಕಾನೂನಿನ ಮಾತು ಹಾಗಿರಲಿ, ಬಾಡಿಗೆ ಮನೆಯ ಯಜಮಾನರೂ ಹಾಲಿನವರೂ ಕಾದಿರುತ್ತಾರೆ. ಹಾಜರಿ, ಓವರ್‌ಟೈಮು, ಮುಂಗಡ, ಪಿ.ಎಫ್., ಇ.ಎಸ್.ಐ. ಇವೆಲ್ಲವೂ ಒಂದೇ ಎಕ್ಸೆಲ್ ಪುಸ್ತಕದಲ್ಲಿ ಅಡಗಿರುತ್ತವೆ. ಆ ಪುಸ್ತಕವಾದರೋ ಲೆಕ್ಕಿಗರ ಮೇಜಿನ ಮೇಲಿನ ಯಂತ್ರದಲ್ಲಿಲ್ಲ. ನಾಲ್ಕು ಜನರಿಗೂ ಸಿಕ್ಕಲೆಂದು ಒಳಕೋಣೆಯ ಸರ್ವರಿನಲ್ಲಿರುತ್ತದೆ. ಅದನ್ನು ತೆರೆದು ಒಂದು ಗುಂಡಿಯನ್ನು ಒತ್ತಿದರೆ ನಲವತ್ತು ಜನರ ಸಂಬಳದ ಚೀಟಿಗಳು ಸಾಲಾಗಿ ಹೊರಬರಬೇಕು. ಒತ್ತುತ್ತಾರೆ, ಬರುವುದಿಲ್ಲ. ಅದರ ಬದಲು ಹಾಳೆಯ ನೆತ್ತಿಯ ಮೇಲೆ ಕೆಂಪು ಛಾಯೆಯ ಪಟ್ಟಿಯೊಂದು ಮೂಡಿ, ಈ ಕಡತದ ಮೂಲ ನಂಬಿಕೆಗೆ ಅರ್ಹವಲ್ಲವಾದ್ದರಿಂದ ಮ್ಯಾಕ್ರೊಗಳನ್ನು ತಡೆಯಲಾಗಿದೆ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸುತ್ತದೆ. ಹತ್ತು ವರ್ಷ ತಮ್ಮ ಕೈಯಲ್ಲೇ ಬೆಳೆದ ಹಾಳೆ ನಂಬಿಕೆಗೆ ಅರ್ಹವಲ್ಲವಂತೆ! ಲೆಕ್ಕಿಗರಿಗೆ ಸಿಟ್ಟು ಬಂದರೆ ಆಶ್ಚರ್ಯವೇನು?

ಮ್ಯಾಕ್ರೊ ಎಂಬುದು ಗ್ರೀಕ್ ಮೂಲದ ಶಬ್ದ; ಉದ್ದವಾದುದು, ದೊಡ್ಡದು ಎಂದು ಅದರ ಅರ್ಥ. ಒಂದು ಪುಟ್ಟ ಆಜ್ಞೆಯನ್ನು ಕೊಟ್ಟರೆ ಅದು ಹಿಗ್ಗಿ ನೂರು ಆಜ್ಞೆಗಳಾಗಿ ನಡೆಯುವುದರಿಂದ ಈ ಹೆಸರು. ಕನ್ನಡ ಓದಿದವರಿಗೆ ಇದು ಹೊಸ ಸಂಗತಿಯೇನಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಚಿಕ್ಕ ಸೂತ್ರವನ್ನು ಹೇಳಿ ಕೆಳಗೆ ವೃತ್ತಿಯಲ್ಲಿ ಅದನ್ನು ವಿಸ್ತರಿಸಲಿಲ್ಲವೆ? ಗುಂಡಿಯೇ ಸೂತ್ರ, ಒಳಗಿನ ಬರವಣಿಗೆಯೇ ವೃತ್ತಿ. ವ್ಯತ್ಯಾಸವಿಷ್ಟೆ: ಕೇಶಿರಾಜನ ವೃತ್ತಿಯನ್ನು ಯಾರಾದರೂ ಓದಬಹುದು, ಕಾರ್ಖಾನೆಯ ಮ್ಯಾಕ್ರೊವನ್ನು ಬರೆದ ಹುಡುಗ ಎಂದೋ ಕೆಲಸ ಬಿಟ್ಟು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿರುತ್ತಾನೆ, ಅವನ ಹೊರತು ಅದು ಇನ್ನಾರಿಗೂ ಅರ್ಥವಾಗುವಂತಿಲ್ಲ.

ಈ ಎರಡು ಊರುಗಳ ಅಂತರವನ್ನು ಇಲ್ಲಿ ಗಮನಿಸಬೇಕು. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ತೊಡಗಿದ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪೆನಿಗಳಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳಲೆಂದೇ ಒಂದು ವಿಭಾಗವುಂಟು. ಪೀಣ್ಯದ ಸ್ಥಿತಿ ಬೇರೆ. ಜಾಲಹಳ್ಳಿಯ ಕಡೆಗೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. 1970ರ ದಶಕದಿಂದೀಚೆಗೆ ಪಕ್ಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತು, ಗ್ರೈಂಡಿಂಗು, ಪೌಡರ್ ಕೋಟಿಂಗು, ಜಾಬ್‌ವರ್ಕು ಎಂದು ನಡೆಯುವ ಈ ಶೆಡ್ಡುಗಳಲ್ಲಿ ಲೆಕ್ಕ ಬರೆಯುವವರೇ ಗಣಕತಜ್ಞರು, ಅವರೇ ಕೆಲವು ವೇಳೆ ಬಾಗಿಲ ಬೀಗ ಹಾಕುವವರು.

ಅಂದ ಮೇಲೆ ಈ ಕೆಂಪು ಪಟ್ಟಿ ಬಂದದ್ದಾದರೂ ಏಕೆ? ಲೆಕ್ಕದ ಹಾಳೆಯನ್ನು ಗಣಕಕ್ಕೆ ತಂದವರು 1979ರಲ್ಲಿ ವಿಸಿಕ್ಯಾಲ್ಕ್ ರಚಿಸಿದ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು. ಎಕ್ಸೆಲ್ ಬಂದದ್ದು 1985ರಲ್ಲಿ. ಈಗಿನ ಮ್ಯಾಕ್ರೊ ಭಾಷೆ ಅದರಲ್ಲಿ ಸೇರಿದ್ದು 1993ರಲ್ಲಿ. ಮೂರೇ ವರ್ಷಕ್ಕೆ, 1996ರಲ್ಲಿ, ಲಾರೂ ಎಂಬ ಮೊದಲ ಎಕ್ಸೆಲ್ ವೈರಸ್ ಕಾಣಿಸಿಕೊಂಡಿತು. ಅದು ಪುಸ್ತಕದಿಂದ ಪುಸ್ತಕಕ್ಕೆ ಹಬ್ಬುತ್ತಿತ್ತೇ ಹೊರತು ಹೆಚ್ಚಿನ ಹಾನಿ ಮಾಡಲಿಲ್ಲ. ಆದರೆ 2016ರಲ್ಲಿ ಹರಡಿದ ಲಾಕಿ ಎಂಬುದು ಅಷ್ಟು ಸಭ್ಯವಾಗಿರಲಿಲ್ಲ. ಇಮೇಲಿನಲ್ಲಿ ಬಂದ ಬಿಲ್ಲಿನ ವೇಷದ ಕಡತದೊಳಗಿನ ಮ್ಯಾಕ್ರೊ ಒಮ್ಮೆ ಓಡಿದರೆ ಸಾಕು, ಆ ಯಂತ್ರದ ಕಡತಗಳ ಜೊತೆಗೆ ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರುಗಳನ್ನೂ ಬೀಗ ಹಾಕಿ ಹಣ ಕೇಳುತ್ತಿತ್ತು. ಇಂಥ ಕಾಟಗಳಿಂದ ಬೇಸತ್ತ ಮೈಕ್ರೋಸಾಫ್ಟ್ 2022ರಲ್ಲಿ ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿ ತಡೆಯಲು ಆರಂಭಿಸಿತು. ಜನರ ಗಲಾಟೆಗೆ ನಡುವೆ ಕೆಲ ದಿನ ನಿಲ್ಲಿಸಿ ಅದೇ ಜುಲೈನಲ್ಲಿ ಪುನಃ ಜಾರಿಗೆ ತಂದಿತು. ನನ್ನ ಮಟ್ಟಿಗೆ ಈ ತಡೆ ನ್ಯಾಯವಾದದ್ದೇ. ತಡೆದ ಕಾರಣವನ್ನು ಮನುಷ್ಯರಿಗೆ ತಿಳಿಯುವಂತೆ ಹೇಳದಿರುವುದೇ ಅದರ ದೋಷ.

ಕಡತವೊಂದು ಅಂತರಜಾಲದಿಂದಲೋ ಇಮೇಲಿನಿಂದಲೋ ಇಳಿದಾಗ ವಿಂಡೋಸ್ ಅದರ ಬೆನ್ನಿಗೆ ಕಣ್ಣಿಗೆ ಕಾಣದ ಚೀಟಿಯೊಂದನ್ನು ಅಂಟಿಸುತ್ತದೆ: ಇವನು ಹೊರಗಿನವನು ಎಂದು. ಹೆಸರು ಬದಲಾಯಿಸಿದರೂ ಸರ್ವರಿಗೆ ನಕಲು ಮಾಡಿದರೂ ಚೀಟಿ ಸಾಮಾನ್ಯವಾಗಿ ಜೊತೆಯಲ್ಲೇ ಹೋಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೀಣ್ಯದಲ್ಲಿ ಲೆಕ್ಕ ಬರೆಯುತ್ತಾನೆ. ಅವನು ಕೇಳಿದ: “ಸಾರ್, ಇದೇ ಕಡತ ಪೆನ್‌ಡ್ರೈವಿನಲ್ಲಿ ತಂದರೆ ಓಡುತ್ತೆ, ಸರ್ವರಿನಿಂದ ತೆರೆದರೆ ಓಡೋದಿಲ್ಲ. ಪೆನ್‌ಡ್ರೈವು ಮಾಡಿದ ಪುಣ್ಯವೇನು ಸಾರ್?” ಪುಣ್ಯವೇನೂ ಇಲ್ಲ. ಸಾಧಾರಣ ಪೆನ್‌ಡ್ರೈವುಗಳ ಕಡತವ್ಯವಸ್ಥೆಯಲ್ಲಿ ಈ ಚೀಟಿಯನ್ನಿಡಲು ಜಾಗವೇ ಇಲ್ಲ. ಅದು ದಾರಿಯಲ್ಲಿ ಉದುರಿಹೋಗುತ್ತದೆ.

ಕಡತ ಎಲ್ಲಿಂದ ಬಂತೆಂಬುದು ನಿಶ್ಚಯವಾಗಿ ಗೊತ್ತಿದ್ದರೆ ಚೀಟಿಯನ್ನು ನಾವೇ ಕೀಳಬಹುದು. ಎಕ್ಸೆಲನ್ನು ಮುಚ್ಚಿ, ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ಎಂಬಲ್ಲಿ ಕೆಳಗಡೆ ಅನ್‌ಬ್ಲಾಕ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು. ಜಿ.ಎಸ್.ಟಿ. ವಾರ್ಷಿಕ ವಿವರದ ಎಕ್ಸೆಲ್ ಪುಸ್ತಕವನ್ನೋ ಆದಾಯತೆರಿಗೆ ಇಲಾಖೆಯ ಎಕ್ಸೆಲ್ ಪುಸ್ತಕವನ್ನೋ ಮನೆಯಲ್ಲಿ ಇಳಿಸಿಕೊಂಡವರಿಗೂ ಇದೇ ಉಪಾಯ. ಅವು ಜಿಪ್ ಗಂಟಿನಲ್ಲಿ ಬಂದಿದ್ದರೆ ಗಂಟು ಬಿಚ್ಚುವ ಮೊದಲೇ ಗಂಟಿನ ಚೀಟಿ ಕೀಳುವುದು ಜಾಣತನ. ಇಲ್ಲವಾದರೆ ಒಳಗಿನ ಪ್ರತಿಯೊಂದು ಕಡತಕ್ಕೂ ಚೀಟಿ ಹಂಚಿಹೋಗುತ್ತದೆ.

ಚೀಟಿ ಇಲ್ಲದ ಕಡತವನ್ನೂ ತಡೆಯುವುದುಂಟು. ಇದೇ ನೆಟ್‌ವರ್ಕಿನ ವಿಚಿತ್ರ. ಸರ್ವರನ್ನು ಅದರ ಹೆಸರಿನಿಂದ ಕರೆದರೆ ವಿಂಡೋಸ್ ಅದನ್ನು ಮನೆಯವನೆಂದು ಬಗೆಯುತ್ತದೆ. ಅದೇ ಸರ್ವರನ್ನು 192.168.1.10 ಎಂಬಂತಹ ಅಂಕಿಗಳಿಂದ ಕರೆದರೆ ನಡುವಿನ ಚುಕ್ಕೆಗಳನ್ನು ಕಂಡು ಹೊರಗಿನ ಅಂತರಜಾಲವೆಂದೇ ಭ್ರಮಿಸುತ್ತದೆ. ಪಕ್ಕದ ಕೋಣೆಯ ತಮ್ಮನನ್ನು ಹೆಸರು ಹಿಡಿದು ಕೂಗದೆ ಆಧಾರ್ ಸಂಖ್ಯೆಯಿಂದ ಕೂಗಿದರೆ ಅಪರಿಚಿತನೆಂದು ತಿಳಿಯುವಂತೆ! ಆದುದರಿಂದ ಒಬ್ಬರ ಯಂತ್ರದಲ್ಲಿ ಓಡಿ ಇನ್ನೊಬ್ಬರಲ್ಲಿ ಓಡದಿದ್ದರೆ ಮೊದಲು ಇಬ್ಬರೂ ಸರ್ವರಿಗೆ ಯಾವ ದಾರಿಯಿಂದ ಹೋಗುತ್ತಿದ್ದಾರೆಂದು ನೋಡತಕ್ಕದ್ದು. ಹೆಸರಿನ ದಾರಿಗೆ ಬದಲಾಯಿಸಿದರೆ ಅನೇಕ ವೇಳೆ ಅಷ್ಟರಿಂದಲೇ ಸರಿಹೋಗುತ್ತದೆ. ಅಂಕಿಯ ದಾರಿಯೇ ಬೇಕೆಂದಿದ್ದರೆ ಇಂಟರ್ನೆಟ್ ಆಪ್ಷನ್ಸ್ ಎಂಬಲ್ಲಿ ಭದ್ರತೆಯ ವಿಭಾಗಕ್ಕೆ ಹೋಗಿ ಆ ವಿಳಾಸವನ್ನು ಲೋಕಲ್ ಇಂಟ್ರಾನೆಟ್ ಪಟ್ಟಿಗೆ ಸೇರಿಸಬೇಕು.

ನಿತ್ಯ ಬಳಸುವ ಫೋಲ್ಡರೊಂದನ್ನು ನಂಬಿಕೆಯ ಸ್ಥಳವೆಂದು ಎಕ್ಸೆಲಿನ ಟ್ರಸ್ಟ್ ಸೆಂಟರಿನಲ್ಲಿ ನಮೂದಿಸುವುದೂ ಒಂದು ಮಾರ್ಗ. ನೆಟ್‌ವರ್ಕಿನ ಸ್ಥಳಗಳನ್ನು ಅದು ಸುಮ್ಮನೆ ಒಪ್ಪುವುದಿಲ್ಲ, ಅದಕ್ಕೆ ಬೇರೊಂದು ಚೌಕವುಂಟು. ಶಿಫಾರಸು ಮಾಡತಕ್ಕದ್ದಲ್ಲ ಎಂಬ ಎಚ್ಚರಿಕೆಯೂ ಪಕ್ಕದಲ್ಲೇ ಉಂಟು. ಎಚ್ಚರಿಕೆ ಸುಳ್ಳಲ್ಲ. ಆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಒಬ್ಬಿಬ್ಬರಿಗೆ ಮಾತ್ರ ಇದ್ದರೆ ಚಿಂತೆಯಿಲ್ಲ. ಸ್ಟೋರಿನವರು, ಗೇಟಿನವರು, ಬಂದುಹೋಗುವ ಏಜೆಂಟರು ಎಲ್ಲರೂ ಕಡತ ಹಾಕುವ ಜಾಗವಾದರೆ ನಂಬಿಕೆ ಎಂಬ ಮಾತಿಗೆ ಅರ್ಥವೇ ಉಳಿಯದು.

ಇವಾವುದೂ ಬೇಡವೆಂದು ಎಲ್ಲ ಮ್ಯಾಕ್ರೊಗಳಿಗೂ ಅಪ್ಪಣೆ ಕೊಟ್ಟುಬಿಡುವ ಸುಲಭೋಪಾಯವೊಂದು ಅದೇ ಟ್ರಸ್ಟ್ ಸೆಂಟರಿನಲ್ಲಿದೆ. ಅವಸರದಲ್ಲಿ ಫೋನಿನಲ್ಲಿ ಸಲಹೆ ಕೊಡುವ ಸ್ನೇಹಿತರು ಇದನ್ನೇ ಹೇಳುತ್ತಾರೆ. ಇದು ಒಬ್ಬ ನೆಂಟನನ್ನು ಒಳಗೆ ಬಿಡಲು ಬಾಗಿಲನ್ನೇ ಕಿತ್ತು ಮೂಲೆಗಿಟ್ಟಂತೆ. ಸಂಬಳದ ದಿನ ಸಂಜೆ ಆ ಬಾಗಿಲನ್ನು ಪುನಃ ಕೂರಿಸುವ ನೆನಪು ಯಾರಿಗೂ ಆಗುವುದಿಲ್ಲ, ಲಾಕಿಯಂಥವಕ್ಕೆ ಬೇಕಾದದ್ದೂ ಅದೇ.

ಪಟ್ಟಿಯ ತಡೆ ದಾಟಿದ ಮೇಲೆ ಅಂಕಿಗಳಿಂದ ಕೂಡಿದ ಪುಟ್ಟ ಪೆಟ್ಟಿಗೆಯೊಂದು ಎದ್ದು ನಿಂತರೆ ಆಗ ಬೇನೆ ನಿಜವಾಗಿಯೂ ಮ್ಯಾಕ್ರೊವಿನ ಒಳಗಿದೆಯೆಂದು ತಿಳಿಯಬೇಕು. 76 ಎಂದರೆ ದಾರಿ ಸಿಕ್ಕಲಿಲ್ಲ: ಬರೆದವನ ಯಂತ್ರದಲ್ಲಿ ಸರ್ವರಿನ ಫೋಲ್ಡರಿಗೆ ಝಡ್ ಎಂಬ ಡ್ರೈವಿನ ಹೆಸರಿತ್ತು, ನಮ್ಮಲ್ಲಿ ಅದು ವೈ ಆಗಿದೆ. ಡ್ರೈವಿನ ಅಕ್ಷರವನ್ನು ನಂಬದೆ ಸರ್ವರಿನ ಹೆಸರಿನೊಡನೆ ಪೂರ್ಣ ದಾರಿಯನ್ನು ಬರೆದರೆ ಈ ಜಗಳವಿಲ್ಲ. ಹೊಸ ಯಂತ್ರ ಕೊಂಡ ಮೇಲೆ 64 ಬಿಟ್ಟಿಗೆ ತಿದ್ದಬೇಕೆಂದು ಹೇಳಿದರೆ ಡಿಕ್ಲೇರ್ ಎಂಬ ಸಾಲುಗಳನ್ನು ಪಿಟಿಆರ್‌ಸೇಫ್ ಸೇರಿಸಿ ಸರಿಪಡಿಸಬೇಕು. ಇದು ಬಲ್ಲವರ ಕೆಲಸ. ಬೇರೊಬ್ಬರು ತೆರೆದಿದ್ದಾರೆ ಎಂದು ಹೇಳಿ, ಆ ಬೇರೊಬ್ಬರು ರಜೆಯ ಮೇಲೆ ಊರಿಗೆ ಹೋಗಿದ್ದರೆ, ಅದೇ ಫೋಲ್ಡರಿನಲ್ಲಿ ಅಡಗಿರುವ ಅಲೆಗೆರೆ ಮತ್ತು ಡಾಲರ್ ಚಿಹ್ನೆಗಳಿಂದ ಮೊದಲಾಗುವ ಸಣ್ಣ ಕಡತವನ್ನು ಹುಡುಕಿ. ಅವರ ಯಂತ್ರ ನಡುವೆ ನಿಂತುಹೋದಾಗ ಬಿಟ್ಟುಹೋದ ಕುರುಹು ಅದು. ಪುಸ್ತಕವನ್ನು ಯಾರೂ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು ಅಳಿಸಬಹುದು.

ಇನ್ನೊಂದು ತೊಂದರೆ ಕನ್ನಡಿಗರಿಗೇ ಮೀಸಲು. ಹಾಳೆಗೆ ಅಭಿಮಾನದಿಂದ ‘ಸಂಬಳ’ ಎಂದು ಯೂನಿಕೋಡಿನಲ್ಲಿ ಹೆಸರಿಡುತ್ತೇವೆ. ಹಾಳೆ ಅದನ್ನು ಮರ್ಯಾದೆಯಿಂದ ತೋರಿಸುತ್ತದೆ. ಮ್ಯಾಕ್ರೊ ಬರೆಯುವ ಕಿಟಕಿಯಾದರೋ ಹಳೆಯ ಕಾಲದ್ದು. ಅಲ್ಲಿ ಕನ್ನಡ ಬರೆದರೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಓಡಿಸಿದಾಗ ಪ್ರಶ್ನಾರ್ಥಕಗಳ ಹೆಸರಿನ ಹಾಳೆ ಸಿಕ್ಕದೆ 9 ಎಂಬ ದೋಷ ಬರುತ್ತದೆ. ಹಳೆಯ ನುಡಿ ಲಿಪಿಯಲ್ಲಿ ಬರೆದ ಹೆಸರುಗಳು ಆ ಕಿಟಕಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೂ ಕೆಲಸ ಮಾಡುತ್ತವೆ. ಯೂನಿಕೋಡಿಗೆ ಬದಲಾಯಿಸಿದ ದಿನವೇ ಮ್ಯಾಕ್ರೊ ಕೆಟ್ಟಿತೆಂದು ಕೆಲವರು ಹೇಳುವುದಕ್ಕೆ ಕಾರಣವಿದು. ಪರಿಹಾರ ಕಠಿನವಲ್ಲ. ಕನ್ನಡದ ಹೆಸರನ್ನು ಹಾಳೆಯ ಮನೆಯೊಂದರಲ್ಲಿ ಬರೆದಿಟ್ಟು ಅಲ್ಲಿಂದ ಓದಿಕೊಳ್ಳುವಂತೆ ಮ್ಯಾಕ್ರೊಗೆ ಹೇಳಬಹುದು. ಅಥವಾ ಅಕ್ಷರಗಳನ್ನು ಅವುಗಳ ಸಂಖ್ಯೆಯಿಂದ ಕರೆಯಬಹುದು, ‘ಕ’ಕಾರಕ್ಕೆ 3221 ಎಂಬಂತೆ. ಬರೆಯಲು ಬೇಸರವಾದರೆ ಹಾಳೆಗೆ ಮ್ಯಾಕ್ರೊವಿನೊಳಗೆ ಇಂಗ್ಲಿಷಿನ ಒಳಹೆಸರೊಂದನ್ನು ಕೊಟ್ಟು, ಹೊರಗೆ ಕನ್ನಡದ ಹೆಸರನ್ನು ಹಾಗೆಯೇ ಬಿಡಬಹುದು. ಮನೆಯಲ್ಲಿ ಪುಟ್ಟ, ಶಾಲೆಯ ಹಾಜರಿಯಲ್ಲಿ ಇನ್ನೇನೋ ಎಂಬಂತೆ ಎರಡು ಹೆಸರಿನಿಂದ ಹಾಳೆ ನಿಶ್ಚಿಂತೆಯಾಗಿ ಬಾಳುತ್ತದೆ.