ಎರಡು ವರ್ಷ ಬದುಕಿದ ಬ್ಯಾಂಡು: ಸೇಟಿಯಾ

ಫೆಸ್ಟ್ ಹತ್ತಿರ ಬಂದ್ರೆ ನಮ್ಮ ಹಾಸ್ಟೆಲ್‌ಗಳಲ್ಲಿ ಬ್ಯಾಂಡುಗಳು ಹುಟ್ಟುತ್ತವೆ, ಪರೀಕ್ಷೆ ಹತ್ತಿರ ಬಂದ್ರೆ ಸಾಯುತ್ತವೆ. ಈ ಸಲ ಅಂಥದ್ದೇ ಒಂದು ಕಾಲೇಜು ಬ್ಯಾಂಡಿನ ಕಥೆ ಹೇಳ್ತೀವಿ. ಹೆಸರು ಸೇಟಿಯಾ, ಊರು ನ್ಯೂಯಾರ್ಕ್. 1997ರಲ್ಲಿ ಹುಟ್ಟಿ 1999ಕ್ಕೆ ಮುಗಿದೇಹೋಯಿತು. ಆದರೂ ಸ್ಕ್ರೀಮೋ ಅಂದ ಕೂಡಲೇ ಇವತ್ತಿಗೂ ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು.

ಸ್ಕ್ರೀಮೋ ಅಂದ್ರೆ ಏನು? ಪಂಕ್ ರಾಕ್ ನಮಗೆಲ್ಲ ಗೊತ್ತು. 1980ರ ಹೊತ್ತಿಗೆ ಅಮೆರಿಕದ ಹುಡುಗರು ಅದನ್ನು ಇನ್ನಷ್ಟು ವೇಗವಾಗಿ, ಒರಟಾಗಿ ನುಡಿಸತೊಡಗಿದರು, ಅದು ಹಾರ್ಡ್‌ಕೋರ್. ಆ ದಶಕದ ಮಧ್ಯದಲ್ಲಿ ವಾಷಿಂಗ್ಟನ್ನಿನ ಬ್ಯಾಂಡುಗಳು ಸಿಟ್ಟಿನ ಜೊತೆ ಸಂಕಟವನ್ನೂ ಸೇರಿಸಿದವು. 1990ರ ದಶಕದ ಶುರುವಿನಲ್ಲಿ ಸ್ಯಾನ್ ಡಿಯೇಗೊದವರು ಆ ಸಂಕಟವನ್ನು ಚೀರಾಟದ ತನಕ ಒಯ್ದರು. ಹಾಗಂತ ಇದು ಬರೀ ಗದ್ದಲ ಅಲ್ಲ. ಗಿಟಾರ್ ಮೆಲ್ಲಗೆ ನುಡಿಯುತ್ತಿರುತ್ತೆ, ಮರುಕ್ಷಣ ಎಲ್ಲವೂ ಸಿಡಿಯುತ್ತೆ.

ಸೇಟಿಯಾದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಮೈಲ್ಸ್ ಡೇವಿಸ್ 1960ರ ಆಲ್ಬಮ್ಮಿನಲ್ಲಿ ನುಡಿಸಿದ 'ಸಾಯೆಟಾ' ಎಂಬ ಜಾಝ್ ಕೃತಿಯ ಹೆಸರಿಟ್ಟುಕೊಳ್ಳಲು ಹೋಗಿ ಕಾಗುಣಿತ ತಪ್ಪಿತು, ತಪ್ಪೇ ಹೆಸರಾಯಿತು!

ಇವರ ರೆಕಾರ್ಡನ್ನು ದೊಡ್ಡ ಕಂಪನಿ ಯಾವುದೂ ತರಲಿಲ್ಲ. ಡ್ರಮ್ಮರ್ ಗ್ರೆಗ್ ಡ್ರೂಡಿ ತಾನೇ ಲೆವೆಲ್ ಪ್ಲೇನ್ ಅನ್ನೋ ಲೇಬಲ್ ಶುರುಮಾಡಿ ಏಳಿಂಚಿನ ತಟ್ಟೆ ತಂದ. ನಿಮಿಷಕ್ಕೆ 45 ಸುತ್ತು ತಿರುಗುವ ಅಂಥ ತಟ್ಟೆಯ ಒಂದು ಬದಿಯಲ್ಲಿ ಹೆಚ್ಚೆಂದರೆ ಐದಾರು ನಿಮಿಷದ ಸಂಗೀತ ಹಿಡಿಯುತ್ತೆ. ಚುಟುಕು ಹಾಡುಗಳಿಗೆ ಅಷ್ಟು ಸಾಕು.

ವೇದಿಕೆಯೂ ಹಾಗೇ. ಮ್ಯಾನ್‌ಹ್ಯಾಟನ್ನಿನ ಎಬಿಸಿ ನೋ ರಿಯೋ ಅನ್ನೋ ಹಳೇ ಕಟ್ಟಡದಲ್ಲಿ ಶನಿವಾರ ಮಧ್ಯಾಹ್ನ ಸ್ವಯಂಸೇವಕರೇ ಹಾರ್ಡ್‌ಕೋರ್ ಕಾರ್ಯಕ್ರಮ ನಡೆಸುತ್ತಿದ್ದರು. ಜನಾಂಗದ್ವೇಷ, ಹೆಣ್ಣುದ್ವೇಷ, ಸಲಿಂಗಿದ್ವೇಷದ ಬ್ಯಾಂಡುಗಳಿಗೆ ಅಲ್ಲಿ ಜಾಗವಿರಲಿಲ್ಲ. ಸೇಟಿಯಾ ನುಡಿಸಿದ್ದು ಇಂಥ ಕಡೆ.

ಬ್ಯಾಂಡು ಒಡೆದ ಮೇಲೆ ಅದರವರು ಆಫ್ ಮೈನರ್, ಹಾಟ್ ಕ್ರಾಸ್ ಕಟ್ಟಿದರು. 2001ರಲ್ಲಿ ಹಳೇ ಹಾಡುಗಳೆಲ್ಲ ಒಂದೇ ಸಿ.ಡಿ.ಯಲ್ಲಿ ಬಂದವು. ಸೇಟಿಯಾವನ್ನು ಕಣ್ಣಾರೆ ಕಾಣದವರೂ ಅದನ್ನು ಕೇಳಿದರು. ಲೆವೆಲ್ ಪ್ಲೇನ್ ಬೇರೆಯವರ ರೆಕಾರ್ಡುಗಳನ್ನೂ ತಂದಿತು. ಜಪಾನಿನ ಎನ್ವಿ ಬ್ಯಾಂಡಿನದು ಅವುಗಳಲ್ಲಿ ಒಂದು. 2022ರಲ್ಲಿ ಸೇಟಿಯಾ ಮತ್ತೆ ವೇದಿಕೆ ಹತ್ತಿದಾಗ ಹಾಡು ಗೊತ್ತಿದ್ದ ಕೇಳುಗರು ಕಾದಿದ್ದರು.

ಎರಡೇ ವರ್ಷದ ಬ್ಯಾಂಡು ಉಳಿದದ್ದು ಹಾಡು ಚೆನ್ನಾಗಿದ್ದವು ಅಂತ ಮಾತ್ರ ಅಲ್ಲ, ಯಾರೋ ಒಬ್ಬ ಅವನ್ನು ರೆಕಾರ್ಡ್ ಮಾಡಿ ಹಂಚಿದ ಅಂತಲೂ ಹೌದು. ನಮ್ಮ ಕ್ಯಾಂಪಸ್ಸಿನಲ್ಲಿ ಕಟ್ಟಿದ ಹಾಡುಗಳೋ, ಫೈನಲ್ ಇಯರ್‌ನವರ ಜೊತೆಗೇ ಗೇಟು ದಾಟಿ ಹೋಗ್ತವೆ. ಅವರಿಗೆ ಸ್ಟುಡಿಯೋ ಬೇಕಿತ್ತು, ತಟ್ಟೆ ಅಚ್ಚು ಹಾಕಿಸಬೇಕಿತ್ತು. ನಮ್ಮ ಜೇಬಿನಲ್ಲೇ ಫೋನಿದೆ. ಈ ಸೆಮಿಸ್ಟರ್ ಮುಗಿಯೋದರೊಳಗೆ ಒಂದಾದರೂ ಹಾಡು ರೆಕಾರ್ಡ್ ಮಾಡಿಡೋಣ, ಏನಂತೀರಿ?